ಮಳೆ ಅಳೆಯುವ ನಾಡಿನಲ್ಲಿ ಶಾಲೆಯ ಪರಿಸರ ಪಾಠ

ಕೊಡಗಿನ ಬೆಳೆಗಾರರು ಮಳೆಯ ಲೆಕ್ಕವನ್ನು ಇಂಚು, ಸೆಂಟ್‌ಗಳಲ್ಲಿ ಹೇಳುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಇಂಚು. ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆದಿಡುವ ರೂಢಿ ಎಷ್ಟೋ ಮನೆಗಳಲ್ಲಿ ಅಜ್ಜನಿಂದ ಮೊಮ್ಮಗನಿಗೆ ಇಳಿದು ಬಂದಿದೆ. ಕಾಫಿ ಗಿಡದ ಹೂ ಅರಳಿಸುವ ಫೆಬ್ರುವರಿ, ಮಾರ್ಚಿನ ಹೂಮಳೆ ಸಾಕಷ್ಟು ಬಿತ್ತೋ, ಅರ್ಧಕ್ಕೇ ನಿಂತಿತೋ ಎಂಬುದು ಕಾಫಿ ಫಸಲಿನ ಹಣೆಬರಹ. ಅದೇ ಮನೆಯ ಮಗು ಶಾಲೆಯಲ್ಲಿ ಪರಿಸರದ ಹೆಸರಿನಲ್ಲಿ ಮಾಡುವುದು ಮಾತ್ರ ಹೆಚ್ಚಾಗಿ ಒಂದೇ ಕೆಲಸ: ಜೂನ್ 5ರಂದು ಗಿಡ ನೆಡುವುದು.

ಗಿಡ ನೆಡುವುದನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಸುತ್ತ ಕಾಡು, ತೋಟ, ಮರಗಳೇ ತುಂಬಿರುವ ಜಿಲ್ಲೆಯಲ್ಲಿ ಶಾಲೆಯ ಪರಿಸರ ಕೆಲಸ ಒಂದು ಸಸಿಗೆ ಕುಗ್ಗಿದ್ದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಶಾಲೆ ಬರುವ ಮೊದಲೇ ಇಲ್ಲಿ ದೇವರಕಾಡು, ಅಂದರೆ ದೇವರ ಹೆಸರಿನಲ್ಲಿ ಊರವರು ಕಾಯ್ದುಕೊಂಡ ಕಾಡು, ಇತ್ತು. ಅಲ್ಲಿ ಕತ್ತಿ ಆಡಿಸಬಾರದು ಎಂಬುದನ್ನು ಮಕ್ಕಳು ಹಿರಿಯರ ಬೆನ್ನ ಹಿಂದೆ ನಡೆದೇ ಕಲಿತರು. ಆ ಕಟ್ಟುಪಾಡೂ ಸಡಿಲವಾಯಿತು. 1905ರಲ್ಲಿ ದೇವರಕಾಡುಗಳು ಕಂದಾಯ ಇಲಾಖೆಯ ಕೈಗೆ ಹೋದವು. 1985ರಲ್ಲಿ ಅರಣ್ಯ ಇಲಾಖೆಗೆ ಮರಳುವ ಹೊತ್ತಿಗೆ 6,277 ಹೆಕ್ಟೇರ್ ಇದ್ದದ್ದು 2,550 ಹೆಕ್ಟೇರ್ ಆಗಿತ್ತು. ಹೀಗೆ ಕರಗಿಯೂ ಜಿಲ್ಲೆಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳು ಉಳಿದಿವೆ. ಅನೇಕ ಶಾಲೆಗಳಿಗೆ ನಡೆದುಹೋಗುವಷ್ಟು ಹತ್ತಿರದಲ್ಲೇ ಒಂದಿರುತ್ತದೆ.

ಇತ್ತ ಸರ್ಕಾರದ ದಾರಿ ಬೇರೆಯಾಗಿತ್ತು. 1950ರಲ್ಲಿ ವನಮಹೋತ್ಸವ ಶುರುವಾಯಿತು. 1973ರಿಂದ ವಿಶ್ವ ಪರಿಸರ ದಿನ ಬಂತು. ಎರಡೂ ಮುಂಗಾರಿನ ಆರಂಭಕ್ಕೆ, ಶಾಲೆ ತೆರೆಯುವ ಕಾಲಕ್ಕೆ ಸರಿಯಾಗಿ ಬೀಳುತ್ತವೆ. ಹಾಗಾಗಿ ಸಸಿ, ಗುಂಡಿ, ಭಾಷಣದ ಪದ್ಧತಿ ಬೇರೂರಿತು. ಪರಿಸರವು ಪಾಠವಾಗಿದ್ದು ನ್ಯಾಯಾಲಯದಿಂದ. ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರ ನವೆಂಬರ್‌ನಲ್ಲಿ ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯ ವಿಷಯವಾಗಿಸಲು ಹೇಳಿತು. ಹನ್ನೆರಡು ವರ್ಷ ಕಳೆದರೂ ಕೆಲಸ ಪೂರ್ತಿಯಾಗದೆ, 2003ರ ಡಿಸೆಂಬರ್‌ನಲ್ಲಿ ಮತ್ತೆ ಆದೇಶಿಸಬೇಕಾಯಿತು. ಪಠ್ಯ ಬಂತು, ಪ್ರಶ್ನೆಪತ್ರಿಕೆಯೂ ಬಂತು. ಪಾಠ ಕೋಣೆಯೊಳಗೇ ಉಳಿಯಿತು.

ಮಕ್ಕಳನ್ನು ಹೊರಗೆ ತರಲು 2001ರಲ್ಲಿ ಕೇಂದ್ರ ಪರಿಸರ ಸಚಿವಾಲಯ ರಾಷ್ಟ್ರೀಯ ಹಸಿರು ಪಡೆ ಕಟ್ಟಿ, ಶಾಲೆಗಳಲ್ಲಿ ಇಕೋ ಕ್ಲಬ್‌ಗಳನ್ನು ಆರಂಭಿಸಿತು. ಒಂದು ಹಂತದಲ್ಲಿ ಜಿಲ್ಲೆಗೆ 250 ಶಾಲೆಗಳ ಮಿತಿ ಇತ್ತು. ಕ್ಲಬ್‌ಗೆ ಆಗ ವರ್ಷಕ್ಕೆ 2,500 ರೂಪಾಯಿ, ಮುಂದೆ 5,000. ರಾಜ್ಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಮಿತ್ರ ಶಾಲೆ ಪ್ರಶಸ್ತಿ, ಅರಣ್ಯ ಇಲಾಖೆಯ ಚಿಣ್ಣರ ವನ ದರ್ಶನ ಜೊತೆಯಾದವು. ಯೋಜನೆಗಳಿಗೆ ಬರವಿರಲಿಲ್ಲ. ಎಲ್ಲವೂ ಬಂದು ನಿಂತದ್ದು ಒಬ್ಬರ ಮೇಜಿನ ಮೇಲೆ. ಸಾಮಾನ್ಯವಾಗಿ ವಿಜ್ಞಾನ ಶಿಕ್ಷಕರೇ ಕ್ಲಬ್‌ನ ಸಂಚಾಲಕರು. ಪಾಠದ ಜೊತೆಗೆ ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ ಕೆಲಸವೂ ಇರುತ್ತದೆ. ಫೋಟೊ ತೆಗೆದು ವರದಿ ಕಳುಹಿಸಿದರೆ ಮುಗಿಯುವ ಚಟುವಟಿಕೆಯನ್ನೇ ಅವರು ಆರಿಸಿಕೊಂಡರೆ ತಪ್ಪು ಅವರದಲ್ಲ. ಉತ್ಸಾಹಿ ಶಿಕ್ಷಕರೊಬ್ಬರು ಏಳೆಂಟು ವರ್ಷ ಬೆಳೆಸಿದ ಕ್ಲಬ್ ಅವರ ವರ್ಗಾವಣೆಯಾದ ವರ್ಷವೇ ಒಣಗಿಹೋಗುತ್ತದೆ. ಅವರು ಕಂಡದ್ದು, ಅಳೆದದ್ದು ಯಾವ ಪುಸ್ತಕದಲ್ಲೂ ಉಳಿದಿರುವುದಿಲ್ಲ.

2018ರ ಆಗಸ್ಟ್ ಈ ಚಿತ್ರವನ್ನು ಅಲುಗಾಡಿಸಿತು. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಸುತ್ತ ಗುಡ್ಡಗಳು ಕುಸಿದವು. ಶಾಲೆಗಳು ಪರಿಹಾರ ಕೇಂದ್ರಗಳಾದವು. ಮನೆ ಕಳೆದುಕೊಂಡ ಮಕ್ಕಳು ತರಗತಿ ಕೋಣೆಯಲ್ಲೇ ಮಲಗಿದರು. ಮನೆ, ರಸ್ತೆ, ಹೋಂಸ್ಟೇಗಳಿಗಾಗಿ ಇಳಿಜಾರನ್ನು ಕಡಿದು, ನೀರು ಹರಿಯುವ ಸಹಜ ದಾರಿಯನ್ನು ಕಟ್ಟಿಹಾಕಿದ್ದನ್ನು ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಮುಖ್ಯ ಕಾರಣಗಳಲ್ಲಿ ಒಂದಾಗಿ ಗುರುತಿಸಿತು. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಗುಡ್ಡ ಕುಸಿಯಿತು. ಇಷ್ಟಾದ ಮೇಲೂ 2024ರ ಜೂನ್ 5ರಂದು ದೇಶದ ಎಲ್ಲೆಡೆಯಂತೆ ಇಲ್ಲಿಯೂ ಶಾಲೆಗಳಿಗೆ ಬಂದದ್ದು ತಾಯಿಯ ಹೆಸರಿನಲ್ಲಿ ಸಸಿ ನೆಡುವ ಅಭಿಯಾನ. ಕೊಡಗಿನ ಮಗುವಿನ ಪ್ರಶ್ನೆ ಬೇರೆ: ನಮ್ಮ ಮನೆಯ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಬ್ಬ) ಈ ಮಳೆಗೆ ನಿಲ್ಲುತ್ತದೆಯೇ?

ಈ ಪ್ರಶ್ನೆಯಿಂದ ಶುರುವಾಗುವ ಕೆಲಸಕ್ಕೆ ಹೆಚ್ಚು ದುಡ್ಡು ಬೇಕಿಲ್ಲ. ಶಾಲೆಯ ಸುತ್ತಲಿನ ತೋಡುಗಳು (ಸಣ್ಣ ಹಳ್ಳಗಳು) ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತವೆ, ಎಲ್ಲಿ ಮುಚ್ಚಿಹೋಗಿವೆ ಎಂದು ಮಕ್ಕಳು ನಕ್ಷೆ ಬರೆಯಬಹುದು. ತೋಟದ ನೆರಳಿನ ಮರಗಳನ್ನು ಎಣಿಸಿ, ಹಲಸು, ಅತ್ತಿ, ನಂದಿ ಎಷ್ಟು, ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಎಷ್ಟು ಎಂದು ನೋಡಬಹುದು. ಕಾಡುಮರ ಕಡಿಯಲು ನೂರೆಂಟು ನಿರ್ಬಂಧ, ಸಿಲ್ವರ್ ಓಕ್‌ಗೆ ಸಲೀಸು ಎಂಬ ಕಾನೂನಿನ ಕಥೆಯೂ ಆ ಎಣಿಕೆಯಿಂದಲೇ ತೆರೆದುಕೊಳ್ಳುತ್ತದೆ. ಎಲ್ಲಕ್ಕಿಂತ ಸುಲಭವಾದದ್ದು ಮಳೆ ಅಳೆಯುವುದು. ಪಕ್ಕದ ವಯನಾಡಿನಲ್ಲಿ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಜನರ ಕೈಯಿಂದಲೇ ಊರೂರಿನ ಮಳೆ ಅಳೆಸುತ್ತದೆ. 2024ರ ಜುಲೈ 30ರ ಭೂಕುಸಿತಕ್ಕೆ ಮುಂಚೆ ಆ ಲೆಕ್ಕ ನೋಡಿಯೇ ಅದು ಎಚ್ಚರಿಕೆ ಕೊಟ್ಟಿತ್ತು. ಆ ಕುಸಿತದಲ್ಲಿ ವೆಳ್ಳಾರ್‌ಮಲ ಶಾಲೆಯೂ ಹಾಳಾಯಿತು.

ಶಿಕ್ಷಕರಿಗೆ ಇಲ್ಲಿ ಬೇಕಾದದ್ದು ಇನ್ನೊಂದು ಸುತ್ತೋಲೆಯಲ್ಲ. ವಾರಕ್ಕೊಂದು ಪೀರಿಯಡ್ ವೇಳಾಪಟ್ಟಿಯಲ್ಲಿ ಸಿಗಬೇಕು. ಕ್ಲಬ್‌ನ ದಾಖಲೆ ಶಿಕ್ಷಕರ ಚೀಲದಲ್ಲಿರದೆ ಶಾಲೆಯ ಆಸ್ತಿಯಾಗಿ, ಹಾಜರಿ ಪುಸ್ತಕದಂತೆ ಮುಂದಿನವರಿಗೆ ಹಸ್ತಾಂತರವಾಗಬೇಕು. ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಸಭೆಯಲ್ಲಿ ಮಕ್ಕಳೇ ಅದನ್ನು ಓದಿ ಹೇಳಲಿ. ಮುಚ್ಚಿದ ತೋಡಿನ ನಕ್ಷೆ ಗ್ರಾಮ ಪಂಚಾಯಿತಿಗೆ ಹೋಗಲಿ. ಊರಿನ ಬೆಳೆಗಾರರು ತಮ್ಮ ಹಳೆಯ ಮಳೆ ಪುಸ್ತಕಗಳನ್ನು ಶಾಲೆಗೆ ತೋರಿಸಿದರೆ ಹೋಲಿಸಿ ನೋಡಲು ದಶಕಗಳ ಲೆಕ್ಕ ಕೈಗೆ ಬರುತ್ತದೆ.

ಒಂದು ತೊಡಕು ಉಂಟು. ಅತಿ ಹೆಚ್ಚು ಮಳೆ ಬೀಳುವ ದಿನಗಳಲ್ಲೇ ಜಿಲ್ಲಾಡಳಿತ ಶಾಲೆಗೆ ರಜೆ ಕೊಡುತ್ತದೆ, ಮಳೆಮಾಪಕ ಶಾಲೆಯ ಅಂಗಳದಲ್ಲಿ ತುಂಬಿ ಚೆಲ್ಲುತ್ತದೆ. ಹಾಗಾಗಿ ಅದು ಮಕ್ಕಳ ಮನೆಗಳಲ್ಲಿಯೂ ಇರಬೇಕು, ಮರದ ನೆರಳು, ಸೂರಿನ ನೀರು ತಾಗದ ಬಯಲಿನಲ್ಲಿ. ರಜೆಯ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆದಿಟ್ಟ ಇಂಚು, ಸೆಂಟ್‌ಗಳು ಶಾಲೆ ತೆರೆದ ದಿನ ದೊಡ್ಡ ಪುಸ್ತಕಕ್ಕೆ ಏರಲಿ.