ಆಕಾಶದಲ್ಲಿ ಅರ್ತಿಂಗ್ ಎಲ್ಲಿ?

ಯಲಹಂಕ ದಾಟಿ ಸ್ವಲ್ಪ ಮುಂದೆ ಒಂದು ತಗಡಿನ ಶೆಡ್. ಹೊರಗಿನಿಂದ ನೋಡಿದರೆ ವೆಲ್ಡಿಂಗ್ ಅಂಗಡಿ ಅನ್ನಬೇಕು. ಒಳಗೆ ನನ್ನ ಗೆಳೆಯ ನಾಲ್ಕು ವರ್ಷದಿಂದ ಎರಡು ಸೀಟಿನ ವಿಮಾನವೊಂದನ್ನು ಕಟ್ಟುತ್ತಿದ್ದಾನೆ. ರೆಕ್ಕೆ ಮುಗಿದಿದೆ, ಎಂಜಿನ್ ಕೂತಿದೆ. ಈಗ ವೈರಿಂಗ್ ಸರದಿ. ಶನಿವಾರ ಬಂದರೆ ನಾನೂ ಹೋಗಿ ಟಾರ್ಚ್ ಹಿಡಿಯುತ್ತೇನೆ.

ಮೊದಲ ದಿನವೇ ಒಂದು ಪೆದ್ದು ಪ್ರಶ್ನೆ ಕೇಳಿದ್ದೆ. "ಇದಕ್ಕೆ ಅರ್ತಿಂಗ್ ಎಲ್ಲಿ ಕೊಡ್ತೀಯ?" ನಮ್ಮ ಮನೆ ಕಟ್ಟಿಸುವಾಗ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಪೈಪ್ ಹೂತಿದ್ದು ನೆನಪಿತ್ತು. ಗಾಳಿಯಲ್ಲಿ ತೇಲುವುದಕ್ಕೆ ಗುಂಡಿ ಎಲ್ಲಿ ತೋಡೋದು? ಅವನು ನಗಲಿಲ್ಲ. "ಆರು ತಿಂಗಳಿಂದ ನಾನು ತಲೆ ಕೆಡಿಸಿಕೊಂಡಿರೋದೇ ಅದಕ್ಕೆ" ಅಂದ.

ಬ್ಯಾಟರಿಯಿಂದ ಹೊರಟ ಕರೆಂಟ್ ಬಲ್ಬನ್ನು ಉರಿಸಿ ಅಲ್ಲೇ ಮುಗಿದುಹೋಗುವುದಿಲ್ಲ, ಬ್ಯಾಟರಿಗೇ ವಾಪಸ್ ಬರಬೇಕು. ಕಾರಿನಲ್ಲಿ ಈ ವಾಪಸ್ ದಾರಿ ಬಾಡಿಯೇ. ಬ್ಯಾಟರಿಯ ಮೈನಸ್ಸನ್ನು ಬಾಡಿಗೆ ಬಿಗಿದಿರುತ್ತಾರೆ, ಹಾಗಾಗಿ ಹೆಡ್‌ಲೈಟಿಗೆ ಒಂದೇ ವೈರ್ ಎಳೆದರೂ ಸಾಕು. ಇದಕ್ಕೂ ಅರ್ತ್ ಅಂತಲೇ ಹೆಸರು, ಮಣ್ಣಿಗೂ ಇದಕ್ಕೂ ಸಂಬಂಧ ಇಲ್ಲದಿದ್ದರೂ. ಲೋಹದ ವಿಮಾನದಲ್ಲೂ ಇದೇ ಲೆಕ್ಕ. ನಮ್ಮ ಎಚ್‌ಎಎಲ್ 1951ರಲ್ಲಿ ಹಾರಿಸಿದ ಎಚ್‌ಟಿ-2 ಎಂಬ ತರಬೇತಿ ವಿಮಾನದ ಮೈ ಪೂರ್ತಿ ಲೋಹದ್ದು. ಆದರೆ 1993ರಲ್ಲಿ ಇದೇ ಊರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ) ಹಾರಿಸಿದ ಹಂಸ ಗ್ಲಾಸ್ ಫೈಬರಿನದು. ಗೆಳೆಯನದೂ ಅಷ್ಟೆ. ಫೈಬರಿನಲ್ಲಿ ಕರೆಂಟ್ ಹರಿಯಲ್ಲ. ಅಂದರೆ ಪ್ರತಿ ಉಪಕರಣಕ್ಕೂ ಹೋಗುವ ವೈರ್ ಒಂದು, ಬರುವ ವೈರ್ ಇನ್ನೊಂದು.

ಆ ಬರುವ ವೈರ್‌ಗಳನ್ನೆಲ್ಲ ಎಲ್ಲಿ ಸೇರಿಸುವುದು? ಮೆಜೆಸ್ಟಿಕ್‌ನಲ್ಲಿ! ಅವನು ಇಟ್ಟ ಹೆಸರು ಅದು. ಎಂಜಿನ್ನಿಗೂ ಕಾಕ್‌ಪಿಟ್ಟಿಗೂ ನಡುವಿನ ಗೋಡೆಗೆ ಅಂಗೈಯಗಲದ ಹಿತ್ತಾಳೆ ತಗಡು ಬಿಗಿದಿದ್ದಾನೆ. ರೇಡಿಯೋ, ಜಿಪಿಎಸ್, ಪರದೆ, ದೀಪ, ಯಾವುದರ ವಾಪಸ್ ವೈರ್ ಆದರೂ ನೇರ ಅಲ್ಲಿಗೇ ಬರಬೇಕು. ನಡುದಾರಿಯಲ್ಲಿ ಒಂದರ ಹೆಗಲ ಮೇಲೆ ಇನ್ನೊಂದು ಕೂರುವಂತಿಲ್ಲ. ಅಲ್ಲಿಂದ ಬ್ಯಾಟರಿಗೆ ಹೆಬ್ಬೆರಳಿನಷ್ಟು ದಪ್ಪದ ಕೇಬಲ್. ಎಂಜಿನ್ನಿಗೂ ಇನ್ನೊಂದು ದಪ್ಪ ಪಟ್ಟಿ. ಎಂಜಿನ್ ಕೂತಿರುವುದು ರಬ್ಬರ್ ಬುಷ್ ಮೇಲೆ, ಅದು ಕರೆಂಟ್ ಬಿಡಲ್ಲ. ಆ ಪಟ್ಟಿ ಹಾಕುವುದನ್ನು ಮರೆತು ಸ್ಟಾರ್ಟರ್ ಒತ್ತಿದರೆ ನೂರಾರು ಆಂಪಿಯರ್ ಬೇರೆ ದಾರಿ ಹುಡುಕುತ್ತದೆ. ಸಿಗುವುದು ಎಂಜಿನ್ನಿನ ವೇಗ ಏರಿಸಿ ಇಳಿಸುವ ಥ್ರಾಟಲ್ಲಿನ ಉಕ್ಕಿನ ಕೇಬಲ್. ಅದು ಕಾದು ಸುಟ್ಟೇ ಹೋಗಬಹುದು.

ಇಷ್ಟೆಲ್ಲ ಮಾಡಿಯೂ ಮೊದಲ ಸಲ ಎಂಜಿನ್ ಓಡಿಸಿದಾಗ ಹೆಡ್‌ಫೋನಿನಲ್ಲಿ ಸೊಳ್ಳೆ ಕೂಗಿತು. ಥ್ರಾಟಲ್ ಏರಿಸಿದರೆ ಸೊಳ್ಳೆಯ ದನಿಯೂ ಏರುತ್ತಿತ್ತು, ಇಳಿಸಿದರೆ ಇಳಿಯುತ್ತಿತ್ತು. ಅದು ಎಂಜಿನ್ ಜೊತೆ ತಿರುಗುತ್ತಾ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿನ ಕೂಗು. ಆಲ್ಟರ್ನೇಟರ್ ಕೊಡುವ ಕರೆಂಟ್ ನುಣ್ಣಗಿರುವುದಿಲ್ಲ. ಕಾರಿನಲ್ಲಿರುವಂಥದ್ದು ಒಂದು ಸುತ್ತಿಗೆ 36 ಸಣ್ಣ ಅಲೆ ಎಬ್ಬಿಸುತ್ತದೆ. ಎಂಜಿನ್ ನಿಮಿಷಕ್ಕೆ 2,400 ಸುತ್ತು, ಆಲ್ಟರ್ನೇಟರ್ ಅದರ ಮೂರು ಪಟ್ಟು ಅಂದುಕೊಳ್ಳಿ. ಸೆಕೆಂಡಿಗೆ 4,300ಕ್ಕೂ ಜಾಸ್ತಿ ಅಲೆ. ನಮ್ಮ ಕಿವಿಗೆ ಚೆನ್ನಾಗಿ ಕೇಳುವ ದನಿಯೇ ಅದು.

ಆದರೆ ಅದು ಹೆಡ್‌ಫೋನಿಗೆ ನುಗ್ಗಿದ್ದು ಹೇಗೆ? ಎರಡು ಶನಿವಾರ ಹೋಯಿತು. ರೇಡಿಯೋ ಬಿಚ್ಚಿದ್ದಾಯಿತು, ಫಿಲ್ಟರ್ ಹಾಕಿದ್ದಾಯಿತು. ಕೊನೆಗೆ ಸಿಕ್ಕಿದ್ದು ಹೆಡ್‌ಫೋನ್ ಚುಚ್ಚುವ ಜ್ಯಾಕಿನಲ್ಲಿ. ಅದು ಅಲ್ಯೂಮಿನಿಯಂ ಪ್ಯಾನೆಲ್ಲಿಗೆ ತಾಗಬಾರದು ಅಂತ ನಡುವೆ ಹಾಕುವ ಪ್ಲಾಸ್ಟಿಕ್ ವಾಷರ್ ಸೀಳಿತ್ತು. ಬೆರಳಿನ ಉಗುರಿನಷ್ಟು ವಾಷರ್! ಹೆಡ್‌ಫೋನಿನ ಕರೆಂಟಿಗೆ ಈಗ ಎರಡು ವಾಪಸ್ ದಾರಿ: ಒಂದು ಅದರದೇ ವೈರ್, ಇನ್ನೊಂದು ಪ್ಯಾನೆಲ್. ಪ್ಯಾನೆಲ್ಲಿನಲ್ಲಿ ಬೇರೆಯವರ ಕರೆಂಟೂ ಓಡಾಡುತ್ತಿರುತ್ತದೆ. ಅದರ ಕೀಲುಗಳಲ್ಲಿ ಬರೀ 10 ಮಿಲಿಓಮ್ ಅಡ್ಡಿ ಇದ್ದು 5 ಆಂಪಿಯರ್ ಹರಿದರೆ 50 ಮಿಲಿವೋಲ್ಟ್ ವ್ಯತ್ಯಾಸ ಬರುತ್ತದೆ. ದೀಪಕ್ಕೆ ಅದು ಲೆಕ್ಕಕ್ಕೇ ಇಲ್ಲ. ಹೆಡ್‌ಫೋನಿಗೆ ಮಾತ್ರ ಕೂಗು.

ಫೈಬರ್ ವಿಮಾನದಲ್ಲಿ ವೈರ್ ಜಾಸ್ತಿ ಅಂತ ಗೊಣಗುವವರಿದ್ದಾರೆ. ನನಗೇನೋ ಅದು ಒಳ್ಳೆಯದೇ ಅನ್ನಿಸುತ್ತದೆ, ಯಾಕೆಂದರೆ ದಿಕ್ಕು ತೋರಿಸುವ ಮ್ಯಾಗ್ನೆಟೋಮೀಟರನ್ನು ಬದುಕಿಸುವುದು ಆ ಎರಡನೇ ವೈರೇ. ಬೆಂಗಳೂರಿನಲ್ಲಿ ಭೂಮಿಯ ಕಾಂತಕ್ಷೇತ್ರ ಹೆಚ್ಚುಕಡಿಮೆ 40 ಮೈಕ್ರೋಟೆಸ್ಲಾ. ಲ್ಯಾಂಡಿಂಗ್ ಲೈಟಿಗೆ ಹೋಗುವ ವೈರಿನಲ್ಲಿ 8 ಆಂಪಿಯರ್ ಇದ್ದು, ಅದರಿಂದ 10 ಸೆಂಟಿಮೀಟರ್ ದೂರದಲ್ಲಿ ಮ್ಯಾಗ್ನೆಟೋಮೀಟರ್ ಕೂತಿದ್ದರೆ ಅದಕ್ಕೆ ಕಾಣುವ ಸುಳ್ಳು ಕ್ಷೇತ್ರ 16 ಮೈಕ್ರೋಟೆಸ್ಲಾ. ದೀಪ ಹಾಕಿದೊಡನೆ ದಿಕ್ಕು 20 ಡಿಗ್ರಿಗೂ ಮೀರಿ ವಾಲಬಹುದು. ಅದನ್ನೇ ನಂಬಿ ಮೈಸೂರಿಗೆ ಹೊರಟವರು ಚಾಮರಾಜನಗರದ ಹತ್ತಿರ ಇರುತ್ತಾರೆ! ಇದಕ್ಕೆ ಮದ್ದು ನಮ್ಮ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವ ಕೆಲಸ: ಜಡೆ. ಹೋಗುವ ವೈರನ್ನೂ ಬರುವ ವೈರನ್ನೂ ಒಂದಕ್ಕೊಂದು ಹೊಸೆದರೆ ಎರಡರ ಕ್ಷೇತ್ರವೂ ಎದುರುಬದುರಾಗಿ ವಜಾ ಆಗುತ್ತದೆ. ಮ್ಯಾಗ್ನೆಟೋಮೀಟರನ್ನು ಆದಷ್ಟು ದೂರ ಇಡುವುದಂತೂ ಇದ್ದೇ ಇದೆ.

ಆಂಟೆನಾಕ್ಕೂ ಅರ್ತ್ ಬೇಕು, ಬೇರೆ ಥರದ್ದು. ವಿಮಾನದ ರೇಡಿಯೋ ಮಾತಾಡುವುದು 118ರಿಂದ 137 ಮೆಗಾಹರ್ಟ್ಸ್ ನಡುವೆ. ಅಲೆಯ ಉದ್ದ ಸುಮಾರು 2.4 ಮೀಟರ್. ಅದರ ಕಾಲುಭಾಗ, ಅಂದರೆ 60 ಸೆಂಟಿಮೀಟರಿನ ಕಡ್ಡಿ ನಿಲ್ಲಿಸಿದರೆ ಆಂಟೆನಾ ಆಯಿತು. ಆದರೆ ಕಡ್ಡಿಯ ಬುಡದಲ್ಲಿ ಲೋಹದ ಹಾಸು ಇರಬೇಕು, ಕನ್ನಡಿಯಲ್ಲಿ ಕಾಣುವಂತೆ ಅದು ಕಡ್ಡಿಯ ಇನ್ನೊಂದು ಅರ್ಧವನ್ನು ತುಂಬಿಕೊಡುತ್ತದೆ. ಫೈಬರಿನಲ್ಲಿ ಆ ಹಾಸೂ ಇಲ್ಲ. ಎಸ್‌ಪಿ ರೋಡಿನಿಂದ ತಾಮ್ರದ ಟೇಪ್ ತಂದು ಒಳಗಡೆ ನಾಲ್ಕು ದಿಕ್ಕಿಗೆ 60 ಸೆಂಟಿಮೀಟರಿನ ಪಟ್ಟಿ ಅಂಟಿಸಿದೆವು. ಅಂಗಡಿಯವನು "ಗಿಟಾರಿಗಾ ಸಾರ್?" ಅಂದ. ಹೌದು ಅಂದುಬಿಟ್ಟೆವು.

ವೈರ್ ಮಾತ್ರ ಎಸ್‌ಪಿ ರೋಡಿನದಲ್ಲ. ಮನೆಯ ಪಿವಿಸಿ ವೈರ್ ತುಂಡೊಂದನ್ನು ಲೈಟರಿಗೆ ಹಿಡಿದು ತೋರಿಸಿದ. ಕಪ್ಪು ಹೊಗೆ, ಮೂಗು ಸುಡುವ ಘಾಟು, ಅದು ಹೈಡ್ರೋಜನ್ ಕ್ಲೋರೈಡ್. ಕಿಟಕಿ ತೆರೆಯಲಾಗದ ಪುಟ್ಟ ಕಾಕ್‌ಪಿಟ್ಟಿನಲ್ಲಿ ಅದು ಬೇಡವೇ ಬೇಡ. ಟೆಫ್‌ಜೆಲ್ ಎಂಬ ಪ್ಲಾಸ್ಟಿಕ್ ಹೊದಿಕೆಯ ವೈರ್ 150 ಡಿಗ್ರಿಯವರೆಗೂ ತಡೆಯುತ್ತದೆ. ಒಳಗೆ 19 ಎಳೆ, ಪ್ರತಿಯೊಂದಕ್ಕೂ ತವರದ ಲೇಪ. ತುದಿಗೆ ಬೆಸುಗೆ ಹಾಕುವುದಕ್ಕಿಂತ ಕ್ರಿಂಪ್ ಮಾಡುವುದೇ (ಲೋಹದ ತುದಿಯೊಳಗೆ ವೈರ್ ತೂರಿಸಿ ಅದುಮುವುದೇ) ಜಾಸ್ತಿ, ಯಾಕೆಂದರೆ ಬೆಸುಗೆ ಎಳೆಗಳ ನಡುವೆ ಇಂಗಿ ಗಟ್ಟಿಯಾಗುತ್ತದೆ, ಗಟ್ಟಿ ಮುಗಿದು ಮೆತ್ತಗಿನದು ಶುರುವಾಗುವ ಜಾಗದಲ್ಲೇ ಎಂಜಿನ್ನಿನ ನಡುಕಕ್ಕೆ ವೈರ್ ಮುರಿಯುತ್ತದೆ.

ಮುರಿದರೆ ಏನಾಗುತ್ತದೆ? ಸಾಮಾನ್ಯವಾಗಿ ಆ ಉಪಕರಣ ನಿಲ್ಲುತ್ತದೆ. ಒಂದು ವೈರ್ ಮಾತ್ರ ಉಲ್ಟಾ. ಈ ಎಂಜಿನ್ನಿನ ಕಿಡಿ ಬರುವುದು ಮ್ಯಾಗ್ನೆಟೋದಿಂದ. ಅದರಲ್ಲೇ ಆಯಸ್ಕಾಂತ ಇದೆ, ಬ್ಯಾಟರಿಯ ಹಂಗಿಲ್ಲ. ಅದನ್ನು ಆಫ್ ಮಾಡುವುದು ಅಂದರೆ ಅದರ ವೈರನ್ನು ಅರ್ತಿಗೆ ಮುಟ್ಟಿಸುವುದು. ಆ ವೈರ್ ತುಂಡಾದರೆ ಸ್ವಿಚ್ ಆಫ್ ಇದ್ದರೂ ಮ್ಯಾಗ್ನೆಟೋ ಆನ್. ಆಕಾಶದಲ್ಲಿ ಇದು ವರ, ವೈರ್ ಹೋದರೂ ಎಂಜಿನ್ ಓಡುತ್ತಿರುತ್ತದೆ. ನೆಲದ ಮೇಲೆ, ಯಾರೋ ಸುಮ್ನೆ ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿದರೆ ಎಂಜಿನ್ ಹೊತ್ತಿ ಪ್ರೊಪೆಲ್ಲರ್ ಅವರಿಗೇ ಹೊಡೆಯಲು ಒಂದೇ ಕಿಡಿ ಸಾಕು. ಎಂಜಿನ್ನನ್ನು ಸಾಮಾನ್ಯವಾಗಿ ಪೆಟ್ರೋಲ್ ತಡೆದೇ ನಿಲ್ಲಿಸುತ್ತಾರೆ, ಹಾಗಾಗಿ ವೈರ್ ತುಂಡಾಗಿದ್ದು ಗೊತ್ತಾಗುವುದೂ ಇಲ್ಲ.

ಹೋದ ಆಯುಧ ಪೂಜೆಗೆ ಶೆಡ್ಡಿನ ಮಾಲೀಕರು ಕುಂಕುಮದ ಬಟ್ಟಲು ಹಿಡಿದು ನೇರ ಪ್ರೊಪೆಲ್ಲರಿನ ಹತ್ತಿರ ನಡೆದರು. "ಮುಟ್ಟಬೇಡಿ!" ಅಂತ ಗೆಳೆಯ ಕೂಗಿದ ರಭಸಕ್ಕೆ ಅವರ ಕೈಯಿಂದ ಅರ್ಧ ಕುಂಕುಮ ನೆಲಕ್ಕೆ. ಆಮೇಲೆ ಪ್ರತಿ ಸಿಲಿಂಡರಿನಿಂದ ಒಂದೊಂದು ಸ್ಪಾರ್ಕ್ ಪ್ಲಗ್ ಬಿಚ್ಚಿದ, ಸಿಲಿಂಡರಿನೊಳಗೆ ಒತ್ತಡ ಹಿಡಿದು ನಿಲ್ಲದಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ ಅಂತ. ಪೂಜೆ ಆಗಿದ್ದು ಅದಾದ ಮೇಲೆ. ತಟ್ಟೆಯಲ್ಲಿ ನಿಂಬೆಹಣ್ಣಿನ ಪಕ್ಕ ನಾಲ್ಕು ಸ್ಪಾರ್ಕ್ ಪ್ಲಗ್‌ಗಳಿಗೂ ಅರಿಶಿನ ಕುಂಕುಮ ಬಿತ್ತು.