ಸಾಗರ ದಾಟುವ ಹಾಯಿಹಡಗಿನ ದಿನಚರಿ: ಪಾಳಿಯ ಲೆಕ್ಕ

ಕಡಲಿಲ್ಲದ ಕೊಡಗಿನಲ್ಲಿ ಕುಳಿತು ಹಾಯಿಹಡಗಿನ ವಿದ್ಯೆಯನ್ನು ಓದುತ್ತಿರುವ ಸಹಪಾಠಿಗಳಿಗಾಗಿ ಈ ಟಿಪ್ಪಣಿ. ಭಾರತೀಯ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರ್‌ನಲ್ಲಿ ಗೋವಾದಿಂದ ಹೊರಟು, ಸುಮಾರು 17 ಮೀಟರ್ ಉದ್ದದ 'ತಾರಿಣಿ' ಎಂಬ ಹಾಯಿಹಡಗಿನಲ್ಲಿ ಭೂಮಿಯನ್ನು ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿದರು. ನಡುಗಡಲಿನಲ್ಲಿ ಲಂಗರು ಹಾಕಿ ಮಲಗುವಂತಿಲ್ಲವಾದ್ದರಿಂದ ಇಂಥ ಪಯಣದಲ್ಲಿ ಹಗಲಿರುಳೂ ಯಾರಾದರೊಬ್ಬರು ಎಚ್ಚರವಿದ್ದು ದಿಕ್ಕು, ಹಾಯಿ ಮತ್ತು ಸುತ್ತಲಿನ ಹಡಗುಗಳನ್ನು ಗಮನಿಸುತ್ತಿರಬೇಕು. ಊಟ, ನಿದ್ರೆ, ಅಡುಗೆ ಎಲ್ಲವೂ ಈ ಪಾಳಿಗೆ ಹೊಂದಿಕೊಂಡೇ ನಡೆಯುತ್ತವೆ.

ಸಾಂಪ್ರದಾಯಿಕ ಕ್ರಮದಲ್ಲಿ ಒಂದು ವಾಚ್, ಅಂದರೆ ಒಂದು ಕಾವಲು ಪಾಳಿ, ನಾಲ್ಕು ಗಂಟೆಯದು. ಆದರೆ ಸಂಜೆ 4ರಿಂದ 8ರ ವಾಚನ್ನು ಮಾತ್ರ ಎರಡೆರಡು ಗಂಟೆಯ ಎರಡು 'ಡಾಗ್ ವಾಚ್'ಗಳಾಗಿ ಒಡೆಯುತ್ತಾರೆ. ಇದು ಏಕೆ ಎಂಬುದೇ ನನ್ನನ್ನು ಬಹಳ ಹೊತ್ತು ಕಾಡಿದ ಪ್ರಶ್ನೆ. ಕಾಗದದ ಮೇಲೆ ಬರೆದು ನೋಡಿದರಷ್ಟೇ ಅದು ತಿಳಿಯುತ್ತದೆ. ಒಡೆಯದೆ ಬಿಟ್ಟರೆ ದಿನಕ್ಕೆ ಆರು ವಾಚ್. ಅ, ಬ ಎಂಬ ಎರಡು ತಂಡಗಳಿದ್ದು, ರಾತ್ರಿ 8ಕ್ಕೆ ಅ ತಂಡ ಆರಂಭಿಸಿತೆಂದುಕೊಳ್ಳಿ. ಆಗ ನಡುರಾತ್ರಿ 12ರಿಂದ 4ರವರೆಗೆ ಬ, ಬೆಳಗಿನ 4ಕ್ಕೆ ಅ, 8ಕ್ಕೆ ಬ, ಮಧ್ಯಾಹ್ನ 12ಕ್ಕೆ ಅ, ಸಂಜೆ 4ಕ್ಕೆ ಬ ಬಂದು, ರಾತ್ರಿ 8ಕ್ಕೆ ಮತ್ತೆ ಅ ತಂಡದ ಸರದಿಯೇ ಬರುತ್ತದೆ. ನಡುರಾತ್ರಿಯ ಕಷ್ಟದ ಪಾಳಿ ಪಯಣ ಮುಗಿಯುವವರೆಗೂ ಬ ತಂಡಕ್ಕೇ ಅಂಟಿಕೊಳ್ಳುತ್ತದೆ. ಸಂಜೆಯ ವಾಚನ್ನು ಒಡೆದಾಗ ದಿನಕ್ಕೆ ಏಳು ವಾಚ್: 4ಕ್ಕೆ ಬ, 6ಕ್ಕೆ ಅ, 8ಕ್ಕೆ ಬ ಆಗಿ, ಮರುದಿನ ಸರದಿ ತಾನಾಗಿಯೇ ಅದಲುಬದಲಾಗುತ್ತದೆ.

ತಂಡಗಳು ಮೂರಿದ್ದರೂ ಇದೇ ನಿಯಮ ಸಲ್ಲುತ್ತದೆ. ಏಳನ್ನು ತಂಡಗಳ ಸಂಖ್ಯೆಯಿಂದ ಭಾಗಿಸಿದಾಗ ಶೇಷ ಉಳಿದರೆ ಸರದಿ ದಿನದಿನವೂ ಜಾರುತ್ತದೆ; ಆರನ್ನು ಎರಡರಿಂದ ಭಾಗಿಸಿ, ಮೂರರಿಂದ ಭಾಗಿಸಿ, ಶೇಷ ಉಳಿಯುವುದಿಲ್ಲ. ಮೂರು ತಂಡಗಳಲ್ಲಿ ಮೊದಲ ದಿನ ಒಂದಕ್ಕೆ 10, ಇನ್ನೊಂದಕ್ಕೆ 8, ಮತ್ತೊಂದಕ್ಕೆ 6 ಗಂಟೆಯ ಕೆಲಸ ಬೀಳುತ್ತದೆ. ಇದು ಅನ್ಯಾಯವೆಂದು ತೋರಿದರೂ ಮೂರು ದಿನಗಳಲ್ಲಿ ಪ್ರತಿ ತಂಡದ ಮೊತ್ತವೂ 24 ಗಂಟೆಗೆ ಬಂದು ನಿಲ್ಲುತ್ತದೆ. ಇಷ್ಟು ಚೊಕ್ಕವಾದ ಲೆಕ್ಕವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಬಿಟ್ಟುಬಿಡಬಾರದೆಂಬುದು ನನ್ನ ಬಲವಾದ ಅಭಿಪ್ರಾಯ. ಸಂಜೆಯ ಹೊತ್ತನ್ನೇ ಒಡೆಯುವುದರಿಂದ ಎರಡೂ ತಂಡಗಳಿಗೆ ರಾತ್ರಿಯ ಊಟ ಸರಿಯಾದ ಸಮಯಕ್ಕೆ ಸಿಗುತ್ತದೆ.

ಅಡುಗೆ ಒಲೆ ಹಡಗಿನ ಓಲಾಟಕ್ಕೆ ತಕ್ಕಂತೆ ತೂಗಿ ಮಟ್ಟವಾಗಿಯೇ ನಿಲ್ಲುತ್ತದೆ. ಮಲಗುವವರು ಉರುಳಿ ಬೀಳದಂತೆ ಹಾಸಿಗೆಯ ಪಕ್ಕಕ್ಕೆ ಬಟ್ಟೆಯ ತಡೆ ಕಟ್ಟಿರುತ್ತಾರೆ. ಸಿಹಿನೀರನ್ನು ಕುಡಿಯಲು, ಅಡುಗೆಗೆ ಮೀಸಲಿಟ್ಟು ಪಾತ್ರೆಗಳನ್ನು ಕಡಲ ನೀರಿನಲ್ಲಿ ತೊಳೆಯುವುದುಂಟು. ಬಟ್ಟೆಯ ತೊಂದರೆ ನಮ್ಮವರಿಗೆ ಬೇಗ ಅರ್ಥವಾದೀತು: ಜುಲೈ ತಿಂಗಳ ಮಡಿಕೇರಿಯಲ್ಲಿ ಒಗೆದ ಬಟ್ಟೆ ಹೇಗೆ ಒಣಗುವುದಿಲ್ಲವೋ ಹಾಗೆಯೇ ಅಲ್ಲಿಯೂ. ಆದರೆ ಅಲ್ಲಿ ಬಿಸಿಲಿದ್ದರೂ ಬಟ್ಟೆಯಲ್ಲುಳಿದ ಉಪ್ಪು ಗಾಳಿಯ ತೇವವನ್ನು ಮತ್ತೆ ಮತ್ತೆ ಹೀರುತ್ತದೆ.

ಇನ್ನು ಗಡಿಯಾರದ ವಿಷಯ. ರೇಖಾಂಶದ ಒಂದು ಡಿಗ್ರಿಗೆ ಸೂರ್ಯನ ಸಮಯದಲ್ಲಿ ನಾಲ್ಕು ನಿಮಿಷದ ವ್ಯತ್ಯಾಸ. ನಮ್ಮ ಗಡಿಯಾರ ತೋರಿಸುವ ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಮಡಿಕೇರಿ ಇರುವುದು ಸುಮಾರು 75.75 ಡಿಗ್ರಿಯಲ್ಲಿ, ಆದ್ದರಿಂದ ಇಲ್ಲಿ ಸೂರ್ಯ ನೆತ್ತಿಯ ರೇಖೆಗೆ ಬರುವುದು ಸರಾಸರಿ 12 ಗಂಟೆ 27 ನಿಮಿಷಕ್ಕೆ. ಅಂಗಳದಲ್ಲಿ ಕೋಲು ನೆಟ್ಟು ಅತಿ ಗಿಡ್ಡ ನೆರಳನ್ನು ನೋಡಿದರೆ ಫೆಬ್ರವರಿಯ ನಡುವೆ ಅದು 12.41ರ ಸುಮಾರಿಗೆ, ನವೆಂಬರ್ ಆರಂಭದಲ್ಲಿ 12.11ರ ಸುಮಾರಿಗೆ ಕಾಣುತ್ತದೆ. ಸಮಭಾಜಕದ ಬಳಿ ದಿನಕ್ಕೆ 150 ನಾಟಿಕಲ್ ಮೈಲಿ ಪೂರ್ವಕ್ಕೆ ಸಾಗುವ ಹಡಗು ಎರಡೂವರೆ ಡಿಗ್ರಿ ದಾಟುವುದರಿಂದ ಅದರ ನಡುಹಗಲು ದಿನವೂ ಹತ್ತು ನಿಮಿಷ ಮುಂಚಿತವಾಗುತ್ತದೆ. ಹದಿನೈದು ಡಿಗ್ರಿ ದಾಟಿದಾಗ ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಡಬೇಕು. ಆ ಗಂಟೆಯನ್ನು ಒಂದೇ ಪಾಳಿಯಿಂದ ಕಳೆಯದೆ, ಮೂರು ತಂಡಗಳಿದ್ದಲ್ಲಿ ತಲಾ 20 ನಿಮಿಷದಂತೆ ಹಂಚುವ ರೂಢಿಯಿದೆ.