ಲಿಮಿಟರ್ ಒತ್ತಿದ್ರೆ ಬೇಸ್ ಯಾಕೆ ಒಡೆಯುತ್ತೆ? ಜೋರಾಗೂ ಇರ್ಬೇಕು ಕ್ಲೀನಾಗೂ ಇರ್ಬೇಕು ಅಂದ್ರೆ ಏನ್ ಮಾಡೋದು?

ಪ್ರಶ್ನೆ: "ಸರ್, ಎಫ್‌ಎಲ್ ಸ್ಟುಡಿಯೋ ಸಾಫ್ಟ್‌ವೇರ್‌ನಲ್ಲಿ ಡಬ್‌ಸ್ಟೆಪ್ (ಭಾರಿ ಬೇಸ್‌ನ ಎಲೆಕ್ಟ್ರಾನಿಕ್ ಮ್ಯೂಸಿಕ್) ಮಾಡ್ತೀನಿ. ಮಾಸ್ಟರ್‌ನಲ್ಲಿ (ಎಲ್ಲ ಸೌಂಡೂ ಸೇರೋ ಕೊನೇ ಚಾನೆಲ್) ಲಿಮಿಟರ್ (ಸೌಂಡ್ ಮಿತಿ ದಾಟದಂಗೆ ಅದುಮೋ ಪ್ಲಗಿನ್) ಹಾಕಿ ಮೈನಸ್ 9 ಲಫ್ಸ್ (ಜೋರು ಅಳೆಯೋ ಲೆಕ್ಕ, ಸೊನ್ನೆಗೆ ಹತ್ರ ಆದಷ್ಟೂ ಜೋರು) ತನಕ ತಳ್ಳೋ ಅಷ್ಟರಲ್ಲೇ ಕಿಕ್ (ದಪ್ಪ ಡ್ರಮ್ ಏಟು) ಸತ್ತೋಗುತ್ತೆ, ಸಬ್ (ತೀರಾ ಕೆಳಗಿನ ಬೇಸ್) ಗೊರಗೊರ ಅನ್ನೋಕೆ ಶುರು ಮಾಡುತ್ತೆ. ರೆಫರೆನ್ಸ್‌ಗೆ ಇಟ್ಕೊಂಡಿರೋ ಟ್ರ್ಯಾಕ್‌ಗಳು ಡ್ರಾಪಲ್ಲಿ (ಬೇಸ್ ಪೂರ್ತಿ ಜೋರಾಗಿ ಬೀಳೋ ಭಾಗ) ಮೈನಸ್ 5 ತೋರಿಸಿದ್ರೂ ಒಂಚೂರೂ ಒಡೆಯಲ್ಲ. ಯಾವ ಲಿಮಿಟರ್ ತಗೊಂಡ್ರೆ ಸರಿಹೋಗುತ್ತೆ?"

ಯಾವ ಲಿಮಿಟರೂ ತಗೋಬೇಡಿ, ಆ ದುಡ್ಡನ್ನ ಒಂದೊಳ್ಳೆ ಹೆಡ್‌ಫೋನ್‌ಗೆ ಎತ್ತಿಡಿ. ನಿಮ್ಮ ಟ್ರ್ಯಾಕು ಲಿಮಿಟರ್ ಹತ್ರ ಬರೋ ಮುಂಚೇನೇ ಇರೋ ಜಾಗನೆಲ್ಲ ತುಂಬಿಕೊಂಡ್ ಬಂದಿರುತ್ತೆ, ಅಲ್ಲಿಂದ ಮುಂದೆ ಎಷ್ಟೇ ದುಬಾರಿ ಪ್ಲಗಿನ್ ಹಾಕಿದ್ರೂ ಅದು ಮಾಡೋದು ಒಂದೇ ಕೆಲಸ, ಇರೋ ಗಲಾಟೆನ ಅದುಮಿ ಕೂರಿಸೋದು.

ಮೊದಲು ಆ ಗೊರಗೊರ ಎಲ್ಲಿಂದ ಬರುತ್ತೆ ಅಂತ ನೋಡೋಣ, ಯಾಕಂದ್ರೆ ಉತ್ತರ ಅರ್ಧ ಅಲ್ಲೇ ಇದೆ. ಸಬ್ 50 ಹರ್ಟ್ಜ್ ಇದೆ ಅಂದ್ಕೊಳ್ಳಿ, ಅಂದ್ರೆ ಹತ್ರಹತ್ರ ಜಿ ನೋಟ್. ಸೆಕೆಂಡಿಗೆ 50 ಅಲೆ, ಒಂದು ಪೂರ್ತಿ ಅಲೆ ಎದ್ದು ಬಿದ್ದು ವಾಪಸ್ ಬರೋಕೆ 20 ಮಿಲಿಸೆಕೆಂಡ್. ಈಗ ನಿಮ್ಮ ಲಿಮಿಟರ್ ರಿಲೀಸ್ (ಅದುಮಿದ್ದನ್ನ ವಾಪಸ್ ಬಿಡೋಕೆ ತಗೊಳ್ಳೋ ಹೊತ್ತು) 5 ಮಿಲಿಸೆಕೆಂಡಲ್ಲಿ ಇದೆ ಅಂದ್ರೆ ಏನಾಗುತ್ತೆ, ಅಲೆ ನೆತ್ತಿಗೆ ಬಂದಾಗ ವಾಲ್ಯೂಮ್ ಇಳಿಸುತ್ತೆ, ಅಲೆ ಸೊನ್ನೆ ಕಡೆ ಇಳೀತಿದ್ದ ಹಾಗೆ ಬಿಟ್ಟುಬಿಡುತ್ತೆ, ಕೆಳಗಡೆ ನೆತ್ತಿಗೆ ಹೋದಾಗ ಮತ್ತೆ ಇಳಿಸುತ್ತೆ. ಅಂದ್ರೆ ಒಂದೇ ಅಲೆ ಒಳಗೆ ಎರಡು ಸಲ ವಾಲ್ಯೂಮ್ ಮೇಲೆ ಕೆಳಗೆ ಆಡ್ತಾ ಇದೆ, ಅಲೆ ಆಕಾರಾನೇ ಕೆಡ್ತಾ ಇದೆ. ನಿಮಗೆ ಕೇಳಿಸ್ತಿರೋ ಗೊರಗೊರ ಅದೇ. ಸರಿ, ರಿಲೀಸ್ 200ಕ್ಕೆ ಇಡ್ತೀನಿ ಅಂತೀರ, ಗೊರಗೊರ ಹೋಗುತ್ತೆ, ಆದ್ರೆ ಒಂದೊಂದು ಕಿಕ್ ಬಿದ್ದಾಗ್ಲೂ ಅದರ ಹಿಂದೆ ಬರೋ ಹ್ಯಾಟು, ಸಿಂಥು, ವೋಕಲ್ಲು ಎಲ್ಲ ಒಂದು ಕ್ಷಣ ಮುಳುಗಿ ಏಳುತ್ತೆ. ಈ ಎರಡರ ನಡುವೆ ಎಲ್ಲೋ ಒಂದು ಮ್ಯಾಜಿಕ್ ಸೆಟ್ಟಿಂಗ್ ಇದೆ ಅಂತ ಹುಡುಕ್ತಾ ಕೂತ್ರೆ ರಾತ್ರಿ ಕಳೆಯುತ್ತೆ ಅಷ್ಟೇ. ಲಿಮಿಟರ್‌ಗೆ 7-8 ಡಿಬಿ (ಡೆಸಿಬಲ್) ಅದುಮೋ ಕೆಲಸ ಕೊಟ್ಟಿರೋದೇ ಮೂಲ ಸಮಸ್ಯೆ. ಅದಕ್ಕೆ 1-2 ಡಿಬಿ ಉಳಿಯೋ ಥರ ಮಿಕ್ಸ್ ಬಂದ್ರೆ ಎಫ್‌ಎಲ್ ಜೊತೆ ಬರೋ ಫ್ರೂಟಿ ಲಿಮಿಟರೇ ಸಾಕು.

ಹಂಗಾದ್ರೆ ಉಳಿದ ಡಿಬಿ ಎಲ್ಲಿಂದ ತರೋದು? ಕಿಕ್ ಮತ್ತು ಸಬ್ ಹತ್ರಾನೇ ದೊಡ್ಡ ಗಂಟು ಇದೆ. ಡಿಜಿಟಲಲ್ಲಿ ಸೊನ್ನೆ ಡಿಬಿ ಅನ್ನೋದು ಸೂರು, ಅದರ ಮೇಲೆ ಜಾಗ ಇಲ್ಲ. ಕಿಕ್ಕೂ ಸಬ್ಬೂ ಒಟ್ಟಿಗೆ ಬಾರಿಸ್ತಾ ಎರಡರ ಅಲೆಯೂ ಒಂದೇ ಕಡೆ ಎದ್ರೆ ಪೀಕ್ (ನೆತ್ತಿಯ ಎತ್ತರ) ಕೂಡುತ್ತೆ, ಆವಾಗ ಸೂರು ದಾಟಬಾರದು ಅಂದ್ರೆ ಎರಡೂ ಮೈನಸ್ 6ರಲ್ಲಿ ಇರ್ಬೇಕಾಗುತ್ತೆ. ಅದೇ ಕಿಕ್ ಬೀಳೋ ಆ ಹೊತ್ತಲ್ಲಿ ಸಬ್ ಪೂರ್ತಿ ಸರಿದು ನಿಂತ್ರೆ ಎರಡಕ್ಕೂ ಪೂರ್ತಿ ಎತ್ತರ ಸಿಗುತ್ತೆ. ಲೆಕ್ಕದಲ್ಲಿ 6 ಡಿಬಿ ವಾಪಸ್ ಬಂತು, ಒಂದು ಪೈಸೆ ಖರ್ಚಿಲ್ದೆ, ಒಂಚೂರೂ ಒಡೀದೆ. ಪ್ರ್ಯಾಕ್ಟಿಕಲ್ಲಾಗಿ 6 ಪೂರ್ತಿ ಸಿಗಲ್ಲ, 3-4 ಅಂತೂ ಸಿಗುತ್ತೆ, ಈ ಜಾನರ್‌ನಲ್ಲಿ 3 ಡಿಬಿ ಅಂದ್ರೆ ತುಂಬಾ ದೊಡ್ಡದು.

ಇದಕ್ಕೆ ಸೈಡ್‌ಚೈನ್ ಕಂಪ್ರೆಸರ್ (ಕಿಕ್ ಬಿದ್ದಾಗ ಸಬ್‌ನ ತಾನಾಗೇ ಇಳಿಸೋ ಪ್ಲಗಿನ್) ಹಾಕಿದೀನಿ ಅಂತ ಎಲ್ರೂ ಹೇಳ್ತಾರೆ, ಆದ್ರೆ ಹೆಚ್ಚಿನ ಪ್ರಾಜೆಕ್ಟ್‌ಗಳಲ್ಲಿ ನಾನು ನೋಡೋದು ಕಂಪ್ರೆಸರ್ ಲೇಟಾಗಿ ಎಚ್ಚರ ಆಗಿ, ಕಿಕ್‌ನ ಮೊದಲ 10 ಮಿಲಿಸೆಕೆಂಡ್ ಸಬ್ ಜೊತೆ ಢಿಕ್ಕಿ ಹೊಡೆದ ಮೇಲೆ ಇಳಿಯೋದು. ಪೀಕ್ ಇರೋದು ಆ ಮೊದಲ 10ರಲ್ಲೇ! ಅದಕ್ಕೇ ಬೇಸ್ ಮ್ಯೂಸಿಕ್ ಮಾಡೋರು ಕಂಪ್ರೆಸರ್ ಬಿಟ್ಟು ವಾಲ್ಯೂಮ್ ಶೇಪ್ ಎಳೆಯೋದು, ಎಲ್‌ಎಫ್‌ಒ ಟೂಲ್, ಶೇಪರ್‌ಬಾಕ್ಸ್ ಥರದ ಪ್ಲಗಿನ್‌ನಲ್ಲಿ, ಏನೂ ಇಲ್ಲಾಂದ್ರೆ ಕೈಯಲ್ಲೇ ಆಟೊಮೇಷನ್. ಕಿಕ್ ಶುರುವಾಗೋ ಜಾಗಕ್ಕೆ ಸಬ್ ಸೊನ್ನೆಗೆ ಬಂದಿರ್ಬೇಕು, ಕಿಕ್‌ನ ಬಾಲ ಮುಗೀತಿದ್ದ ಹಾಗೆ ಸಬ್ ಏರ್ಬೇಕು. ಒಂದು ಸಲ ಕಿಕ್ಕು ಸಬ್ಬು ಎರಡನ್ನೇ ಬೌನ್ಸ್ ಮಾಡಿ, ಆ ಆಡಿಯೋ ಫೈಲನ್ನ ಪೂರ್ತಿ ಝೂಮ್ ಮಾಡಿ ಕಣ್ಣಲ್ಲಿ ನೋಡಿ. ಮೊದಲು ಕಿಕ್‌ನ ಕ್ಲಿಕ್ಕು ಸಣ್ಣ ಗೀರುಗಳ ಥರ ಕಾಣುತ್ತೆ, ಆಮೇಲೆ ಅಲೆಗಳು ಅಗಲ ಆಗ್ತಾ ಆಗ್ತಾ ಹೋಗುತ್ತೆ (ಪಿಚ್ ಬೀಳ್ತಿದೆ ಅಂತ ಅರ್ಥ), ಆ ಕೊನೇ ಅಗಲದ ಅಲೆ ಮುಗಿಯೋ ಜಾಗದಲ್ಲಿ ಸಬ್‌ನ ಮೊದಲ ಅಲೆ ಅದೇ ದಿಕ್ಕಲ್ಲಿ ಮುಂದುವರಿದ್ರೆ ಕಿಕ್ಕು ಸಬ್ಬು ಒಂದೇ ಉಸಿರು ಅನ್ಸುತ್ತೆ. ಅಲ್ಲಿ ಗೆರೆ ತಟ್ಟಂತ ಮುರಿದು ತಿರುಗಿದ್ರೆ ಟಿಕ್ ಅಂತ ಸೌಂಡ್ ಬರುತ್ತೆ, ಇಲ್ಲಾ ಬಾಲದ ಮೇಲೆ ಸಬ್ ಕೂತು ಒಂದನ್ನೊಂದು ತಿನ್ನುತ್ತೆ, ಆವಾಗ ಸಬ್‌ನ ಫೇಸ್ (ಅಲೆ ಶುರುವಾಗೋ ಜಾಗ) ಒಂಚೂರು ತಿರುಗಿಸಿ ಅಥವಾ ಕಿಕ್‌ನ ಬಾಲ ಕತ್ತರಿಸಿ. ಈ ಒಂದು ಜಾಗದಲ್ಲಿ ಅರ್ಧ ಗಂಟೆ ಕೂರೋಕೆ ಬೇಜಾರು ಮಾಡ್ಕೋಬೇಡಿ, ಟ್ರ್ಯಾಕ್‌ನ ಬೆನ್ನುಮೂಳೆ ಇದೇ.

ಸ್ನೇರ್‌ಗೂ (ಚಟ್ ಅನ್ನೋ ಡ್ರಮ್) ಇದೇ ಮಾತು. ಡಬ್‌ಸ್ಟೆಪ್ ಸ್ನೇರ್‌ನ ಮೈ ಸುಮಾರು 200 ಹರ್ಟ್ಜ್ ಹತ್ರ ಇರುತ್ತೆ, ಮಿಡ್ ಬೇಸ್‌ನ ದಪ್ಪಾನೂ ಅಲ್ಲೇ. ಸ್ನೇರ್ ಬೀಳುವಾಗ ಬೇಸ್ ಪೂರ್ತಿ ಸುಮ್ನಾಗ್ಲಿ, ಕೇಳೋರಿಗೆ ಗೊತ್ತೇ ಆಗಲ್ಲ, ಸ್ನೇರ್ ಜಾಸ್ತಿ ಜೋರಾಯ್ತು ಅಂತ ಮಾತ್ರ ಅನ್ಸುತ್ತೆ.

ಇನ್ನು ಕ್ಲಿಪ್ಪಿಂಗ್, ಅಂದ್ರೆ ಅಲೆಯ ತುದಿನ ಒಂದು ಮಿತಿಯಲ್ಲಿ ಕತ್ತರಿಸೋದು. ಕ್ಲಿಪ್ ಅಂದ ತಕ್ಷಣ ಹೆದರೋದು ಬೇಡ, ಕ್ಲೀನಾಗಿ ಕೇಳೋ ಬೇಸ್ ಟ್ರ್ಯಾಕ್‌ಗಳಲ್ಲೇ ಅತಿ ಹೆಚ್ಚು ಕ್ಲಿಪ್ಪಿಂಗ್ ಇರುತ್ತೆ, ಆದ್ರೆ ಎಲ್ಲಾದ್ರೂ ಒಂದೇ ಕಡೆ ಗುಡ್ಡೆ ಹಾಕಿರಲ್ಲ, ಹಂಚಿರ್ತಾರೆ. ಸ್ನೇರ್‌ನ ತುದಿ 2 ಮಿಲಿಸೆಕೆಂಡ್ ಮಾತ್ರ 3 ಡಿಬಿ ಮೇಲೆ ಚಾಚಿದೆ ಅಂದ್ರೆ ಅದನ್ನ ಕ್ಲಿಪ್ಪರ್‌ನಿಂದ ಚಕ್ಕಂತ ಕತ್ತರಿಸಿ, ಅಷ್ಟು ಸಣ್ಣ ಹೊತ್ತಿನ ಒಡಕು ಸ್ನೇರ್‌ನ ಸ್ವಂತ ಗದ್ದಲದೊಳಗೆ ಕಿವಿಗೆ ಬೀಳಲ್ಲ. ಅದನ್ನೇ ಮಾಸ್ಟರ್ ಲಿಮಿಟರ್‌ಗೆ ಬಿಟ್ರೆ ಆ 2 ಮಿಲಿಸೆಕೆಂಡ್ ತಪ್ಪಿಗೆ ಇಡೀ ಮಿಕ್ಸು ತಗ್ಗುತ್ತೆ. ಸ್ನೇರ್ ಚಾನೆಲ್‌ನಲ್ಲಿ 2 ಡಿಬಿ, ಡ್ರಮ್ ಬಸ್‌ನಲ್ಲಿ (ಡ್ರಮ್‌ಗಳೆಲ್ಲ ಸೇರೋ ಚಾನೆಲ್) 1-2, ಬೇಸ್ ಬಸ್‌ನಲ್ಲಿ ಸ್ವಲ್ಪ, ಮಾಸ್ಟರ್‌ನಲ್ಲಿ ಲಿಮಿಟರ್ ಮುಂಚೆ ಇನ್ನೊಂದು 1, ಹೀಗೆ. ಎಫ್‌ಎಲ್‌ನಲ್ಲಿ ಫ್ರೂಟಿ ಸಾಫ್ಟ್ ಕ್ಲಿಪ್ಪರ್ ಇದೆ, ಏಬಲ್ಟನ್‌ನಲ್ಲಿ ಸ್ಯಾಚುರೇಟರ್ ಇದೆ, ಫ್ರೀ ಬೇಕು ಅಂದ್ರೆ ಜಿಕ್ಲಿಪ್ ಇದೆ.

ಸಬ್ ಮೇಲೆ ಮಾತ್ರ ಕ್ಲಿಪ್ಪರ್ ಹಾಕುವಾಗ ಯೋಚ್ನೆ ಮಾಡಿ ಹಾಕಿ. ಸೈನ್ ಅಲೆಯ ನೆತ್ತಿ ಕತ್ತರಿಸ್ತಾ ಕತ್ತರಿಸ್ತಾ ಪೂರ್ತಿ ಸ್ಕ್ವೇರ್ ಆಗೋ ತನಕ ಹೋದ್ರೆ, ಪೀಕ್ ಅಷ್ಟೇ ಇದ್ರೂ ಮೂಲ ಸ್ವರ ಸುಮಾರು 2 ಡಿಬಿ ದಪ್ಪ ಆಗಿರುತ್ತೆ, ಜೊತೆಗೆ 150, 250, 350ರಲ್ಲಿ ಹೊಸ ಹಾರ್ಮೋನಿಕ್ (ಮೂಲ ಸ್ವರದ ಮಡಿಯಾಗಿ ಬರೋ ಮೇಲಿನ ಸ್ವರ) ಹುಟ್ಟಿರುತ್ತೆ. ಸಣ್ಣ ಸ್ಪೀಕರ್‌ನಲ್ಲಿ ಇದು ಉಪಕಾರ, ಯಾಕಂದ್ರೆ ಮೊಬೈಲ್ 50 ಹರ್ಟ್ಜ್ ನುಡಿಸೋಕೇ ಆಗಲ್ಲ, ಮೇಲಿನ ಹಾರ್ಮೋನಿಕ್ ಕೇಳಿಸಿದ್ರೆ ನಮ್ಮ ಮಿದುಳೇ ಕೆಳಗಿನ ಸ್ವರ ತುಂಬಿಕೊಳ್ಳುತ್ತೆ. ರಿಡಿಮ್ ಥರದ ಒರಟು ಡಬ್‌ಸ್ಟೆಪ್‌ಗೆ ಹೊಂದುತ್ತೆ. ಆದ್ರೆ ನೀವು ಮಾಡ್ತಿರೋದು ಆಳವಾದ 140 (ನಿಮಿಷಕ್ಕೆ 140 ಬೀಟ್‌ನ ಆಳದ ಡಬ್‌ಸ್ಟೆಪ್ ಶೈಲಿ) ಆಗಿದ್ರೆ, ಎದೆಗೆ ಒತ್ತೋ ಆ ದುಂಡನೆ ಸಬ್ ಬೇಕಿದ್ರೆ, ದಯವಿಟ್ಟು ಸೈನನ್ನ ಸೈನಾಗೇ ಬಿಡಿ, ಹಾರ್ಮೋನಿಕ್ ಬೇಕಾದ್ರೆ ಕಾಪಿ ಮಾಡಿ ಇನ್ನೊಂದು ಚಾನೆಲ್‌ನಲ್ಲಿ ಸ್ಯಾಚುರೇಟ್ ಮಾಡಿ (ಒಂಚೂರು ಒರಟು ಮಾಡೋದು), 100ರ ಕೆಳಗೆ ಕತ್ತರಿಸಿ ಪಕ್ಕದಲ್ಲಿ ಇಡಿ.

ಒಂದು ಬಲೆ ಇದೆ, ಸುಮಾರು ಜನ ಬೀಳ್ತಾರೆ. ಎಲ್ಲ ಕ್ಲಿಪ್ ಮಾಡಿ ಮುಗಿಸಿದ ಮೇಲೆ "ಕೆಳಗಡೆ ಕೊಳೆ ತೆಗೀತೀನಿ" ಅಂತ ಮಾಸ್ಟರ್‌ನಲ್ಲಿ 30 ಹರ್ಟ್ಜ್‌ಗೆ ಕಡಿದಾದ ಹೈಪಾಸ್ (ಅದರ ಕೆಳಗಿನದನ್ನ ಕತ್ತರಿಸೋ ಫಿಲ್ಟರ್) ಹಾಕೋದು. ಫಿಲ್ಟರ್ ಫೇಸ್ ತಿರುಗಿಸುತ್ತೆ, ಕತ್ತರಿಸಿ ಸಮ ಮಾಡಿದ್ದ ಅಲೆಯ ತಲೆ ಓರೆ ಆಗಿ ಒಂದು ಮೂಲೆ ಮೇಲೆ ಚಾಚುತ್ತೆ, ಎನರ್ಜಿ ತೆಗೆದಿದ್ದೀವಿ ಅಂತ ನಾವು ಅಂದ್ಕೊಂಡಿದ್ರೆ ಪೀಕ್ ಮೀಟರ್ ಏರಿರುತ್ತೆ. ಹೈಪಾಸ್ ಬೇಕೇ ಬೇಕು ಅಂದ್ರೆ ಕ್ಲಿಪ್ಪರ್‌ಗೆ ಮುಂಚೆ, ಅದೂ ಬೇಕಾದ ಚಾನೆಲ್‌ಗೆ ಮಾತ್ರ.

ಮೈನಸ್ 5 ಅಂತ ಮೀಟರ್ ತೋರಿಸಿದ್ರೂ ಕ್ಲೀನ್ ಅನ್ನಿಸೋದಕ್ಕೆ ಇನ್ನೊಂದು ಕಾರಣ ಮೀಟರ್‌ನಲ್ಲೇ ಇದೆ. ಲಫ್ಸ್ ಲೆಕ್ಕ ಹಾಕೋ ಮುಂಚೆ ಸೌಂಡನ್ನ ಒಂದು ಫಿಲ್ಟರ್ ಮೂಲಕ ಬಿಡ್ತಾರೆ, ಅದರಲ್ಲಿ 50 ಹರ್ಟ್ಜ್ ಸುಮಾರು 4 ಡಿಬಿ ಕಡಿಮೆ ಲೆಕ್ಕಕ್ಕೆ ಬರುತ್ತೆ, 2 ಕಿಲೋಹರ್ಟ್ಜ್ ಮೇಲಿನದು ಸುಮಾರು 4 ಡಿಬಿ ಜಾಸ್ತಿ. ಕಿವಿಯೂ ಹಂಗೇ, ಕಡಿಮೆ ಸ್ವರ ಅಷ್ಟೇ ಜೋರು ಅನ್ನಿಸ್ಬೇಕು ಅಂದ್ರೆ 1 ಕಿಲೋಹರ್ಟ್ಜ್‌ಗಿಂತ 20 ಡಿಬಿಗೂ ಮೇಲೆ ಬೇಕಾಗುತ್ತೆ, ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನ ಅಳೆದು ತೋರಿಸಿದ್ದಾರೆ. ಅಂದ್ರೆ ಸಬ್ ಸೂರಿನ ಜಾಗ ಎಲ್ಲ ತಿನ್ನುತ್ತೆ, ಮೀಟರ್‌ಗೂ ಕಿವಿಗೂ ಕಮ್ಮಿ ಕೊಡುತ್ತೆ. ನಿಮ್ಮ ಸಬ್ ರೆಫರೆನ್ಸ್‌ಗಿಂತ 3 ಡಿಬಿ ಜಾಸ್ತಿ ಇದ್ರೆ ನೀವು ಮೈನಸ್ 9ರಲ್ಲೇ ಸಿಕ್ಕಾಕೊಳ್ತೀರ. ವೊಕ್ಸೆಂಗೊ ಸ್ಪ್ಯಾನ್ (ಯಾವ ಸ್ವರ ಎಷ್ಟಿದೆ ಅಂತ ತೋರಿಸೋ ಮೀಟರ್) ಫ್ರೀ ಸಿಗುತ್ತೆ, ಹಾಕಿ ಎರಡನ್ನೂ ಪಕ್ಕಪಕ್ಕ ನೋಡಿ, ಆದ್ರೆ ರೆಫರೆನ್ಸ್ ಫೈಲನ್ನ ನಿಮ್ಮ ಮಿಕ್ಸ್‌ನಷ್ಟೇ ವಾಲ್ಯೂಮ್‌ಗೆ ಇಳಿಸಿಕೊಂಡು ನೋಡಿ, ಇಲ್ಲಾಂದ್ರೆ ಹೋಲಿಕೆಗೆ ಅರ್ಥ ಇಲ್ಲ.

ಬೇಸ್ ಪ್ಯಾಚ್ ಬಗ್ಗೆ ಎರಡೇ ಮಾತು. ಸೀರಮ್‌ನಲ್ಲೋ ವೈಟಲ್‌ನಲ್ಲೋ (ಎರಡೂ ಸಿಂಥ್ ಪ್ಲಗಿನ್) ದೊಡ್ಡ ಗ್ರೌಲ್ (ಗುರ್ ಅನ್ನೋ ಬೇಸ್) ಮಾಡ್ತೀರ, ಅದರ ಮೇಲೆ ಓಟಿಟಿ (ಸಣ್ಣದನ್ನ ಎತ್ತಿ ದೊಡ್ಡದನ್ನ ಅದುಮೋ ಕಂಪ್ರೆಸರ್), ಡಿಸ್ಟಾರ್ಷನ್, ಮತ್ತೆ ಓಟಿಟಿ, ಒಬ್ಬಂಟಿಯಾಗಿ ಕೇಳಿದ್ರೆ ಭಯಂಕರ ಚೆನ್ನಾಗಿರುತ್ತೆ. ಆದ್ರೆ ಓಟಿಟಿ ಸಣ್ಣಪುಟ್ಟ ಗದ್ದಲನೆಲ್ಲ ಎತ್ತಿ ಮುಂದೆ ತರುತ್ತೆ, 200ರಿಂದ 500 ಹರ್ಟ್ಜ್ ಮಧ್ಯೆ ಕೆಸರು ತುಂಬಿರುತ್ತೆ, 3-4 ಕಿಲೋಹರ್ಟ್ಜ್ ಹತ್ರ ಕಿವಿ ಚುಚ್ಚೋ ಒಂದೆರಡು ಮುಳ್ಳು ಇರುತ್ತೆ, ಆ ಮುಳ್ಳೇ ಲಿಮಿಟರ್ ಒತ್ತಿದಾಗ "ಹಾರ್ಶ್" ಅಂತ ಕೇಳೋದು. ಡೆಪ್ತ್ 30 ಪರ್ಸೆಂಟ್‌ಗೆ ಇಳಿಸಿ ನೋಡಿ ಸಾಕು. ಮತ್ತೆ ಆ ಗ್ರೌಲನ್ನ 100-120ರ ಕೆಳಗೆ ಕತ್ತರಿಸಿ, ಕೆಳಗೆ ಪ್ರತ್ಯೇಕ ಸಬ್, ಮೋನೊ (ಎಡ ಬಲ ಎರಡರಲ್ಲೂ ಒಂದೇ ಸೌಂಡ್). ಮೋನೊ ಅನ್ನೋ ಈ ಪದ್ಧತಿ ವೈನಲ್ (ಗ್ರಾಮಫೋನ್ ಡಿಸ್ಕ್) ಕಾಲದ ಬುದ್ಧಿ: 2000ದ ಶುರುವಿನಲ್ಲಿ ಲಂಡನ್‌ನ ಕ್ರೊಯ್ಡನ್ ಹುಡುಗರು ಟ್ಯೂನ್ ಮಾಡಿ, ಫಾರೆಸ್ಟ್ ಹಿಲ್‌ನ ಟ್ರಾನ್ಸಿಷನ್ ಸ್ಟುಡಿಯೋಗೆ ಹೋಗಿ ಡಬ್‌ಪ್ಲೇಟ್ (ಪರೀಕ್ಷೆಗೆ ಕೊರೆಯೋ ಡಿಸ್ಕ್) ಕೊರೆಸಿ, ಕ್ಲಬ್‌ನ ದೊಡ್ಡ ಸಿಸ್ಟಮ್‌ನಲ್ಲಿ ಹಾಕಿ ಕೇಳ್ತಿದ್ರು. ಸ್ಟೀರಿಯೋ ಬೇಸ್ ಕೊರೆದ್ರೆ ಗೀರು ಆಳ ಮೇಲೆ ಕೆಳಗೆ ಆಗಿ ಸೂಜಿ ಹಾರುತ್ತೆ, ಹಾಗಾಗಿ ಕೆಳಗೆ ಮೋನೊ ಇರ್ಲೇಬೇಕಿತ್ತು. ಈಗ ಸೂಜಿ ಇಲ್ಲ, ಆದ್ರೆ ಎಡ ಬಲ ಎರಡರ ಸಬ್ ಒಂದಕ್ಕೊಂದು ಉಲ್ಟಾ ಇದ್ರೆ ಸಬ್‌ವೂಫರ್‌ಗೆ ಕೂಡಿ ಹೋಗುವಾಗ ಕಳ್ಕೊಳ್ಳೋದು ಈಗ್ಲೂ ಹಂಗೇ ಇದೆ.

ಮೈನಸ್ 5 ನಿಜವಾಗ್ಲೂ ಬೇಕಾ? ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಮೈನಸ್ 14ಕ್ಕೆ ಇಳಿಸುತ್ತೆ, ಯೂಟ್ಯೂಬೂ ಜೋರಿದ್ದನ್ನ ಇಳಿಸುತ್ತೆ, ಅಲ್ಲಿ ನಿಮ್ಮ 9 ಡಿಬಿ ಹೋರಾಟಕ್ಕೆ ಬೆಲೆ ಇಲ್ಲ. ಆದ್ರೆ ಡಿಜೆ ಕೈಗೆ ಹೋಗೋ ಟ್ರ್ಯಾಕ್ ಬೇರೆ ಟ್ರ್ಯಾಕ್‌ಗಳ ಪಕ್ಕ ನಿಲ್ಬೇಕು, ಅದು ಬೇರೆ ವಿಷಯ. ನನ್ನ ಅಭಿಪ್ರಾಯ ಕೇಳಿದ್ರೆ, ರಿಡಿಮ್, ಟಿಯರೌಟ್ ಥರ ಒರಟು ಶೈಲಿ ಮಾಡೋರು ಡ್ರಾಪ್‌ನಲ್ಲಿ ಮೈನಸ್ 6, 5 ತನಕ ಹೋಗ್ಲಿ, ಅಲ್ಲಿ ಆ ಒತ್ತಡಾನೇ ಶೈಲಿಯ ಭಾಗ. ಆಳದ 140 ಮಾಡೋರು ಮೈನಸ್ 8-9ರಲ್ಲೇ ನಿಲ್ಲಲಿ, ಕಿಕ್ ಉಸಿರಾಡ್ಲಿ. ಮತ್ತೆ ಇಂಟ್ರೋನೂ ಬ್ರೇಕೂ ಡ್ರಾಪ್‌ಗಿಂತ 4-5 ಡಿಬಿ ಕೆಳಗೆ ಇಡಿ, ಡ್ರಾಪ್ ದೊಡ್ಡದು ಅನ್ನಿಸೋದು ಅದರ ಹಿಂದಿನ ಎಂಟು ಬಾರ್ ಸಣ್ಣದಿದ್ದಾಗ.

ರೂಮಿನ ಬಗ್ಗೆ ಹೇಳ್ದೆ ಬಿಡೋಕೆ ಆಗಲ್ಲ. ನಮ್ಮ ಬಾಡಿಗೆ ಮನೆಗಳ ಬೆಡ್‌ರೂಮ್ 10ಕ್ಕೆ 11 ಅಡಿ ಇರುತ್ತೆ. 50 ಹರ್ಟ್ಜ್ ಅಲೆಯ ಉದ್ದ ಸುಮಾರು 6.9 ಮೀಟರ್, ಅದರ ಅರ್ಧ 3.4 ಮೀಟರ್, ಅಂದ್ರೆ ಹನ್ನೊಂದು ಅಡಿ ಚಿಲ್ಲರೆ. ಗೋಡೆಯಿಂದ ಗೋಡೆಗೆ ಸರಿಯಾಗಿ ನಿಮ್ಮ ಸಬ್ ನೋಟೇ ನಿಂತುಬಿಡುತ್ತೆ: ಗೋಡೆ ಪಕ್ಕ ಕೂತ್ರೆ ಸಬ್ ವಿಪರೀತ, ರೂಮಿನ ಮಧ್ಯ ಕೂತ್ರೆ ಮಾಯ. ಮಧ್ಯ ಕೂತು ಮಿಕ್ಸ್ ಮಾಡೋರೇ ಸಬ್ 3-4 ಡಿಬಿ ಜಾಸ್ತಿ ಇಡೋದು, ಆ 3-4 ಡಿಬಿಯೇ ಮಾಸ್ಟರ್‌ನಲ್ಲಿ ಗೊರಗೊರ ಆಗಿ ಬರೋದು. ಅದಕ್ಕೇ ಹೆಡ್‌ಫೋನ್‌ಗೆ ದುಡ್ಡು ಇಡಿ ಅಂದಿದ್ದು. ಸಬ್ ಲೆವೆಲ್ ಹೆಡ್‌ಫೋನ್ ಮತ್ತು ಸ್ಪ್ಯಾನ್ ನೋಡಿ ತೀರ್ಮಾನ ಮಾಡಿ, ಸ್ಪೀಕರ್‌ನಲ್ಲಿ ಮಿಡ್ ಮತ್ತು ಡ್ರಮ್ ನೋಡಿ.

ಈಗ ಇವತ್ತೇ ಮಾಡಿ ನೋಡಬಹುದಾದ್ದು. ಡ್ರಾಪ್‌ನ ನಾಲ್ಕು ಬಾರ್ ಲೂಪ್ ಹಾಕಿ, ಮಾಸ್ಟರ್ ಲಿಮಿಟರ್ ಗೇನ್ ರಿಡಕ್ಷನ್ (ಎಷ್ಟು ಅದುಮ್ತಿದೆ ಅನ್ನೋ ನಂಬರ್) 7 ಡಿಬಿ ತೋರಿಸೋ ತನಕ ತಳ್ಳಿ. ಆಮೇಲೆ ಚಾನೆಲ್‌ಗಳನ್ನ ಒಂದೊಂದಾಗಿ ಮ್ಯೂಟ್ ಮಾಡಿ ಆ ನಂಬರ್ ನೋಡ್ತಾ ಹೋಗಿ. ಹ್ಯಾಟ್ ಮ್ಯೂಟ್ ಮಾಡಿದ್ರೆ 7 ಹಂಗೇ ಇರುತ್ತೆ, ಪ್ಯಾಡ್ ಮ್ಯೂಟ್ ಮಾಡಿದ್ರೆ 6.5, ಸಬ್ ಮ್ಯೂಟ್ ಮಾಡಿದ ತಕ್ಷಣ 2ಕ್ಕೆ ಬಿತ್ತು ಅಂದ್ರೆ ಕಳ್ಳ ಸಿಕ್ಕಿದ. ಕಿಕ್ ಬಿದ್ದಾಗ ಮಾತ್ರ 7 ಹೊಡೆದು ಉಳಿದ ಹೊತ್ತು 2 ಇದ್ರೆ ಢಿಕ್ಕಿ ಆಗ್ತಿದೆ, ಮೇಲೆ ಹೇಳಿದ ವಾಲ್ಯೂಮ್ ಶೇಪ್ ಸರಿ ಮಾಡಿ. ಇಡೀ ಹೊತ್ತು 5-6ರಲ್ಲೇ ನಿಂತಿದ್ರೆ ಸಬ್ ಲೆವೆಲ್ಲೇ ಜಾಸ್ತಿ, ಫೇಡರ್ 2 ಡಿಬಿ ಇಳಿಸಿ ಮತ್ತೆ ಅದೇ ಲೂಪ್ ಹಾಕಿ. ಸ್ನೇರ್ ಒಂದೇ ಹೊಡೀತಿದ್ರೆ ಅದರ ಚಾನೆಲ್‌ನಲ್ಲಿ ಕ್ಲಿಪ್ಪರ್. ನಂಬರ್ 2ರ ಹತ್ರ ಬರೋ ತನಕ ಮಾಸ್ಟರ್ ಮುಟ್ಟಬೇಡಿ, ಬಂದ ಮೇಲೆ ಎಕ್ಸ್‌ಪೋರ್ಟ್ ಮಾಡಿ. ಸ್ಟ್ರೀಮಿಂಗ್‌ಗೆ ಹೋಗೋ ಫೈಲ್ ಆದ್ರೆ ಟ್ರೂ ಪೀಕ್ (ಸ್ಪೀಕರ್‌ಗೆ ಹೋಗುವಾಗ ಅಲೆ ಮುಟ್ಟೋ ನಿಜವಾದ ನೆತ್ತಿ) ಮೈನಸ್ 1ರಲ್ಲಿ ಇಡಿ, ಸ್ಪಾಟಿಫೈ ಮೈನಸ್ 14ಕ್ಕಿಂತ ಜೋರಿರೋ ಮಾಸ್ಟರ್‌ಗೆ ಮೈನಸ್ 2 ಇಡಿ ಅಂತಾನೇ ಹೇಳುತ್ತೆ. ಡಿಜೆಗೆ ಕೊಡೋ ವೇವ್ ಫೈಲ್‌ನಲ್ಲಿ ಅಷ್ಟು ಜಾಗ ಬಿಡೋ ಅಗತ್ಯ ಇಲ್ಲ.